ನಾಜೂಕಕ್ಕ ಎಂಬ ಹೆಸರು

ಸುಟ್ಟ ಗಾಯಕ್ಕೆ ಕಟ್ಟಿದ ಬಟ್ಟೆ ಒಣಗಿ ಚರ್ಮಕ್ಕೆ ಅಂಟಿಕೊಂಡರೆ ಅದನ್ನು ಬಿಚ್ಚುವ ಕೆಲಸ ಯಾರಿಗೂ ಬೇಡ. ನರ್ಸುಗಳಲ್ಲಿ ಕೆಲವರು ಮುಖ ತಿರುಗಿಸಿ ಒಂದೇ ಏಟಿಗೆ ಎಳೆದುಬಿಡುತ್ತಿದ್ದರು. ರೋಗಿ ಸೂರು ಹಾರುವ ಹಾಗೆ ಕಿರುಚುತ್ತಿದ್ದ. ಗಂಡಸರ ವಾರ್ಡಿಗೆ ಹೊಸದಾಗಿ ಸೇರಿದ್ದ ಆಯಾ ಒಬ್ಬಳು ಮಾತ್ರ ಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ, ಅಂಚಿನಿಂದ ಒಳಕ್ಕೆ ಹನಿ ಹನಿಯಾಗಿ ನೆನೆಸುತ್ತ, ರೋಗಿಯ ಮನೆ ಮಠದ ವಿಚಾರ ಕೇಳುತ್ತ ಕೂರುತ್ತಿದ್ದಳು. ಅವನು ಹಲ್ಲು ಕಚ್ಚಿಕೊಂಡು "ಸರಿ, ಶುರು ಮಾಡಮ್ಮ" ಎನ್ನುವ ಹೊತ್ತಿಗೆ ಬಟ್ಟೆ ಅವಳ ಕೈಯಲ್ಲಿರುತ್ತಿತ್ತು.

"ಅಬ್ಬಾ, ಎಷ್ಟು ನಾಜೂಕಾಗಿ ತೆಗೆದಳಪ್ಪ ಇವಳು! ಬೆಣ್ಣೆಯಿಂದ ಕೂದಲು ತೆಗೆದ ಹಾಗೆ" ಎಂದು ಒಬ್ಬ ಮುದುಕ ವಾರ್ಡಿಗೆಲ್ಲ ಕೇಳುವಂತೆ ಹೇಳಿದ. ಪಕ್ಕದ ಮಂಚದವನು ತನಗೂ ನಾಜೂಕಕ್ಕನೇ ಬೇಕೆಂದು ಹಟ ಹಿಡಿದ. ಅವತ್ತಿನಿಂದ ಅವಳು ನಾಜೂಕಕ್ಕ ಆದಳು. ಹಾಜರಿ ಹಾಕುವ ಗುಮಾಸ್ತನಿಗೆ ಬಿಟ್ಟರೆ ಅವಳ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ.

ಅವಳಿಗೆ ಆ ಪದ ಹೊಸದೇನಲ್ಲ. ಅವಳ ಅಪ್ಪ ಗಾಜಿನ ಸಾಮಾನಿನ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದವನು. ಹುಲ್ಲು ಹಾಸಿ, ಲೋಟಕ್ಕೆ ಲೋಟ ತಾಗದಂತೆ ಕಾಗದ ಸುತ್ತಿ, ಮುಚ್ಚಳಕ್ಕೆ ಮೊಳೆ ಹೊಡೆದ ಮೇಲೆ ಕುಂಚದಲ್ಲಿ 'ನಾಜೂಕು ಮಾಲು' ಎಂದು ಬರೆಯುತ್ತಿದ್ದ. ಶಾಲೆ ಬಿಟ್ಟ ಮೇಲೆ ಅವಳು ಅಲ್ಲಿಗೆ ಹೋಗಿ ಲೋಟಗಳನ್ನು ಎತ್ತಿ ಕೊಡುತ್ತಿದ್ದಳು. "ನಾಜೂಕಾಗಿ ಹಿಡಿ ಮಗಳೇ" ಎನ್ನುತ್ತಿದ್ದ ಅಪ್ಪ. ಹಾಗೆಂದರೆ ಒಡೆಯದ ಹಾಗೆ ಹಿಡಿ ಎಂದು. ಅಪ್ಪನ ಬಾಯಲ್ಲಿ ಆ ಪದಕ್ಕೆ ಅದರಾಚೆ ಇನ್ನೊಂದು ಅರ್ಥ ಇರಲಿಲ್ಲ.

ಅವಳ ಗಂಡ ಲಾರಿ ಓಡಿಸುತ್ತಿದ್ದ. ಮಗಳು ನಡೆಯಲು ಕಲಿಯುವಷ್ಟರಲ್ಲಿ ಅವನು ಬೇರೊಂದು ಊರಿನಲ್ಲಿ ಬೇರೊಂದು ಸಂಸಾರ ಹೂಡಿದ. ಜಗಳ ಆಗಲಿಲ್ಲ. ಬರುವುದು ಕಡಿಮೆಯಾಗುತ್ತ ಬಂತು, ಆಮೇಲೆ ನಿಂತೇ ಹೋಯಿತು. "ಅಪ್ಪ ಎಲ್ಲಿ?" ಎಂದು ಮಗು ಕೇಳಿದಾಗ ನಾಜೂಕಕ್ಕ "ಅಪ್ಪಂಗೆ ತುಂಬ ದೂರದ ಕೆಲಸ ಸಿಕ್ಕಿದೆ ಚಿನ್ನ, ರಸ್ತೆ ಮುಗೀಬೇಕಲ್ಲ, ಆಮೇಲೆ ಬರ್ತಾರೆ" ಎಂದಳು. ಮಗು ಅದನ್ನೇ ನಂಬಿಕೊಂಡು ಬೆಳೆಯಿತು. ಆಗ ಅವಳಿಗೆ ಅದು ಸುಳ್ಳು ಅನ್ನಿಸಿರಲಿಲ್ಲ.

ಕೈಯಲ್ಲಿದ್ದ ಗುಣ ಮಾತಿನಲ್ಲೂ ಇದೆಯೆಂದು ಆಸ್ಪತ್ರೆಗೆ ಗೊತ್ತಾದದ್ದು ಒಂದು ಮಧ್ಯಾಹ್ನ. ಬೈಕಿನಿಂದ ಬಿದ್ದು ಬಂದಿದ್ದ ಹುಡುಗನೊಬ್ಬ ತೀರಿಕೊಂಡಿದ್ದ. ತಾಯಿ ಕಾರಿಡಾರಿನ ಬೆಂಚಿನ ಮೇಲೆ ಅವನಿಗಾಗಿ ತಂದ ಎಳನೀರು ಹಿಡಿದುಕೊಂಡು ಕೂತಿದ್ದಳು. ಡಾಕ್ಟರು ಬಾಗಿಲವರೆಗೆ ಬಂದು, ಅವಳ ಮುಖ ನೋಡಿ, ಹಿಂದಕ್ಕೆ ಹೋದರು. ನಾಜೂಕಕ್ಕ ಹೋಗಿ ಪಕ್ಕದಲ್ಲಿ ಕೂತಳು. ಎಳನೀರನ್ನು ಮೆಲ್ಲಗೆ ತೆಗೆದು ಕೆಳಗಿಟ್ಟಳು. ತಲೆಗೆ ಬಿದ್ದ ಪೆಟ್ಟಿನ ವಿಷಯ ಹೇಳಿದಳು, ಡಾಕ್ಟರು ಪಟ್ಟ ಪ್ರಯತ್ನ ಹೇಳಿದಳು, ಉಸಿರು ಸಣ್ಣದಾಗುತ್ತ ಬಂದದ್ದನ್ನು ಹೇಳಿದಳು. ಕೊನೆಯ ಮಾತನ್ನು ಹೇಳಲೇ ಇಲ್ಲ. ತಾಯಿ ತಾನೇ ಅಲ್ಲಿಗೆ ನಡೆದು ಬಂದು, ಅವಳ ಹೆಗಲಿಗೆ ಒರಗಿದಳು. ದೊಡ್ಡ ಡಾಕ್ಟರು ಆಮೇಲೆ ನರ್ಸುಗಳನ್ನೆಲ್ಲ ಕರೆದು ಹೇಳಿದರು: "ಹೇಳೋದು ಅಂದ್ರೆ ಹೀಗೆ. ಎಷ್ಟು ನಾಜೂಕಾಗಿ ಹೇಳಿದ್ಲು ನೋಡಿ. ನನಗೇ ಬರಲ್ಲ ಅದು."

ಆ ಮಾತಿನಲ್ಲಿ ಒಂದಿಷ್ಟೂ ಕೊಂಕು ಇರಲಿಲ್ಲ.

ಆಸ್ಪತ್ರೆ ಬೆಳೆಯಿತು. ಮುಂಬಾಗಿಲಿಗೆ ಗಾಜು ಬಂತು, ಕೂರಲು ಕುಶನ್ ಕುರ್ಚಿ ಬಂತು, ಲೆಕ್ಕಾಚಾರ ಬಲ್ಲ ಮ್ಯಾನೇಜರ್ ಬಂದ. ಅವನು ನಾಜೂಕಕ್ಕನನ್ನು ವಾರ್ಡಿನಿಂದ ತೆಗೆದು, ಮೈಮೇಲೆ ಬಿಳಿ ಕೋಟು ಹಾಕಿಸಿ, ವಿಚಾರಣೆಯ ಕೌಂಟರಿನಲ್ಲಿ ಕೂರಿಸಿದ. "ನಿಮ್ಮ ಕೈಗೆ ಕೆಲಸ ಸಾಕಮ್ಮ, ಇನ್ಮೇಲೆ ಬಾಯಿಗೆ ಕೊಡೋಣ" ಎಂದ. ಅವಳಿಗೆ ಹಿಗ್ಗೇ ಆಯಿತು. ಬೆಡ್‌ಪ್ಯಾನ್ ತೊಳೆಯುವುದು ತಪ್ಪಿತ್ತು, ಮಗಳನ್ನು ಒಳ್ಳೆಯ ಶಾಲೆಗೆ ಹಾಕುವಂತಾಯಿತು.

ಕೌಂಟರಿನಲ್ಲಿ ಅವಳಿಗೆ ಬರುತ್ತಿದ್ದ ಅಪ್ಪಣೆಯೆಲ್ಲ ಒಂದೇ ಥರ. ಎಕ್ಸ್‌ರೇ ತೆಗೆಯುವವನು ಹೇಳದೆ ಕೇಳದೆ ರಜೆ ಹಾಕಿದ್ದಾನೆ, ಕಾಯುತ್ತ ಕೂತವರಿಗೆ ಸ್ವಲ್ಪ ನಾಜೂಕಾಗಿ ಹೇಳಿ. ಅವಳು ಮೆಷಿನ್ ಸರ್ವೀಸಿಗೆ ಹೋಗಿದೆ ಎನ್ನುತ್ತಿದ್ದಳು. ರಕ್ತದ ಶೀಷೆ ಕೈಜಾರಿ ಒಡೆದಿದೆ, ಇನ್ನೊಮ್ಮೆ ರಕ್ತ ತೆಗೆಯಬೇಕು, ನಾಜೂಕಾಗಿ ಹೇಳಿ. ಖಚಿತ ಮಾಡಿಕೊಳ್ಳಲು ಎರಡು ಸಲ ಪರೀಕ್ಷೆ ಮಾಡುವುದು ನಮ್ಮ ಪದ್ಧತಿ ಎನ್ನುತ್ತಿದ್ದಳು. ಜನ ಮೆಚ್ಚಿ ತಲೆಯಾಡಿಸುತ್ತಿದ್ದರು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ಮ್ಯಾನೇಜರ್ ನಗುತ್ತಿದ್ದ. ಕ್ಯಾಂಟೀನಿನಲ್ಲಿ ಹುಡುಗಿಯರು "ನಾಜೂಕಕ್ಕನ ಕೈಗೆ ಕೊಡ್ರೇ, ಹೆಣಕ್ಕೂ ಗುಣ ಆಗಿದೆ ಅಂತ ನಂಬಿಸ್ತಾಳೆ" ಎಂದು ಕಣ್ಣು ಹೊಡೆದುಕೊಂಡರು. ಅವಳೂ ಅವರ ಜೊತೆ ನಕ್ಕಳು. ಹೊಗಳುತ್ತಿದ್ದಾರೋ ಕಿಚಾಯಿಸುತ್ತಿದ್ದಾರೋ ತಿಳಿಯದೆ, ನಗು ಮುಗಿದ ಮೇಲೂ ಸ್ವಲ್ಪ ಹೊತ್ತು ಅವರ ಮುಖ ನೋಡಿದಳು.

ಮಗಳಿಗೆ ಅಪ್ಪನ ವಿಷಯ ತಿಳಿದದ್ದು ಅದೇ ಕಾಲದಲ್ಲಿ. ನೆರೆಮನೆಯವಳ ಬಾಯಿಂದ ತಿಳಿಯಿತು. ಹುಡುಗಿ ಅಳಲಿಲ್ಲ. ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಕೇಳಿದಳು.

"ರಸ್ತೆ ಇನ್ನೂ ಮುಗೀಲಿಲ್ವಾ ಅಮ್ಮ?"

ನಾಜೂಕಕ್ಕ ಒಲೆ ಆರಿಸಿದಳು. "ನಿಂಗೆ ನೋವಾಗಬಾರ್ದು ಅಂತ..."

"ನೀನು ಯಾವ ಮಾತಿಗೂ ಹತ್ತಿ ಸುತ್ತಿ ಕೊಡ್ತೀಯ. ಒಳಗಡೆ ಏನಿದೆ ಅಂತ ಮುಟ್ಟಿ ನೋಡೋಕೂ ಭಯ ಆಗತ್ತೆ. 'ಊಟ ಮಾಡ್ದೆ' ಅಂತೀಯ, ಮಾಡಿದೀಯೋ ಇಲ್ವೋ. 'ಏನಿಲ್ಲ' ಅಂತೀಯ, ಏನಿದೆಯೋ."

ಅವತ್ತಿನಿಂದ ಹುಡುಗಿ ತಾಯಿ ಏನು ಹೇಳಿದರೂ ಒಂದು ಕ್ಷಣ ಮುಖ ನೋಡಿ ಆಮೇಲೆ ಹೂಂಗುಟ್ಟುವ ಅಭ್ಯಾಸ ಮಾಡಿಕೊಂಡಳು. ಆ ಒಂದು ಕ್ಷಣ ನಾಜೂಕಕ್ಕನಿಗೆ ಉಗುರು ಕಿತ್ತಷ್ಟು ನೋಯುತ್ತಿತ್ತು.

ಹೀಗಿರುವಾಗ ಮನೆಗಳಿಗೆ ಬಣ್ಣ ಬಳಿಯುವ ಪೇಂಟರ್ ಒಬ್ಬ ಹರ್ನಿಯಾ ಆಪರೇಷನ್ನಿಗೆ ಸೇರಿದ. ಗಟ್ಟಿಮುಟ್ಟಾದ ಆಳು. ಉಗುರಿನ ಸಂದಿಯಲ್ಲಿ ಹಸಿರು ಬಣ್ಣ ಉಳಿದುಕೊಂಡಿತ್ತು. ಸ್ಟ್ರೆಚರ್ ಮೇಲೆ ಒಳಗೆ ಹೋಗುವಾಗ ಅವನು ಕೌಂಟರಿನ ಗೋಡೆ ತೋರಿಸಿ, "ಇದಕ್ಕೆ ಪ್ರೈಮರ್ ಹಾಕದೆ ಬಳ್ದಿದಾರೆ ಮೇಡಂ, ಮುಂದಿನ ವರ್ಷ ಸಿಪ್ಪೆ ಏಳತ್ತೆ" ಎಂದು ಹೇಳಿ ಹೋದ. ಹೆಂಡತಿ ಟೈಲರ್. ಅತ್ತೆಯ ಜೊತೆ ಕುರ್ಚಿಯಲ್ಲಿ ಕೂತು, ಕಾಯುವ ಹೊತ್ತು ಹಾಳಾಗಬಾರದೆಂದು ಒಂದು ಅಂಗಿಗೆ ಗುಂಡಿ ಹಚ್ಚುತ್ತಿದ್ದಳು.

ಸ್ವಲ್ಪ ಹೊತ್ತಿನ ಮೇಲೆ ಆಪರೇಷನ್ ಥಿಯೇಟರಿನ ಅಟೆಂಡರ್ ಬಾಗಿಲು ತಳ್ಳಿಕೊಂಡು ಹೊರಗೆ ಓಡಿ ಬಂದ. ಎಲ್ಲರೂ ಅವನನ್ನು ಮಾಮ ಎನ್ನುತ್ತಿದ್ದರು. ಓಡುವ ವಯಸ್ಸಲ್ಲ ಅವನದು. ಸ್ಟೋರಿನ ಬಾಗಿಲಿಗೆ ಬೀಗ. ಕೀಲಿ ಇದ್ದವನು ಊಟಕ್ಕೆ ಹೋಗಿದ್ದ. ಮಾಮ ಬೀಗವನ್ನು ಬೆಂಕಿ ಆರಿಸುವ ಡಬ್ಬಿಯಿಂದ ಜಜ್ಜಿ ಒಡೆದ. ಆಕ್ಸಿಜನ್ ಸಿಲಿಂಡರನ್ನು ಓರೆ ಮಾಡಿ ಗಡಗಡ ಉರುಳಿಸಿಕೊಂಡು ಓಡಿದ. ನಾಜೂಕಕ್ಕ ಕೌಂಟರಿನಿಂದ ಎದ್ದು ಕಾರಿಡಾರಿನ ತುದಿಯಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಒಳಗಿದ್ದ ಸಿಲಿಂಡರ್ ಖಾಲಿಯಾಗಿತ್ತು, ಶುರು ಮಾಡುವ ಮುಂಚೆ ಯಾರೂ ನೋಡಿರಲಿಲ್ಲ ಎಂದು ಆಮೇಲೆ ಮಾಮನೇ ಅವಳ ಮುಂದೆ ಬೆವರು ಒರೆಸಿಕೊಳ್ಳುತ್ತ ಹೇಳಿದ.

ಪೇಂಟರ್ ಬದುಕಲಿಲ್ಲ.

ಮ್ಯಾನೇಜರ್ ಅವಳನ್ನು ಒಳಗೆ ಕರೆದ. ದೊಡ್ಡ ಡಾಕ್ಟರು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು, ತಿರುಗಲಿಲ್ಲ.

"ಹೃದಯ ನಿಂತುಹೋಯ್ತು ಅಂತ ಹೇಳಿ" ಎಂದ ಮ್ಯಾನೇಜರ್.

"ಆದ್ರೆ ಸರ್, ಸಿಲಿಂಡರ್..."

"ಸುಳ್ಳೇನೂ ಅಲ್ವಲ್ಲಮ್ಮ. ಸತ್ತೋರ ಹೃದಯ ನಿಂತೇ ಇರತ್ತೆ. ಹೋದ ಜೀವ ಬರಲ್ಲ. ಆಸ್ಪತ್ರೆ ಮುಚ್ಚಿದ್ರೆ ಇಷ್ಟು ಜನರ ಗತಿ ಏನು? ನಿಮಗೆ ನಾನು ಹೇಳಿಕೊಡಬೇಕಾ? ಸ್ವಲ್ಪ ನಾಜೂಕಾಗಿ."

ಅವಳು ಹೋದಳು. ಅಂಗಿಯನ್ನೂ ಸೂಜಿಯನ್ನೂ ಮೊದಲು ಟೈಲರಮ್ಮನ ಕೈಯಿಂದ ತೆಗೆದುಕೊಂಡಳು, ಚುಚ್ಚಿಕೊಂಡಾಳು ಎಂದು. ಪಕ್ಕದಲ್ಲಿ ಕೂತಳು. ಮನುಷ್ಯ ನೋಡಲು ಎಷ್ಟೇ ಗಟ್ಟಿ ಇದ್ದರೂ ಒಳಗಿನ ಹೃದಯ ಹೇಗಿದೆಯೋ ಯಾರಿಗೂ ಕಾಣುವುದಿಲ್ಲ, ಕೆಲವರದು ಅವರಿಗೇ ಗೊತ್ತಿಲ್ಲದ ಹಾಗೆ ಸೋತಿರುತ್ತದೆ ಎಂದಳು. ನಿದ್ದೆಯ ಮದ್ದಿನಲ್ಲೇ ಇದ್ದರು ಎಂದಳು. ಮಾತು ತಾನಾಗಿ ಬಂತು, ಗಂಟಲು ಕೂಡ ಎಲ್ಲಿ ಕಟ್ಟಬೇಕೋ ಅಲ್ಲಿ ಕಟ್ಟಿತು. ಟೈಲರಮ್ಮ ಅವಳ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. "ಇಷ್ಟು ನಾಜೂಕಾಗಿ ಹೇಳಿದ್ರಿ ಅಕ್ಕ. ಬೇರೆಯವರು ಹೇಳಿದ್ದಿದ್ರೆ ನಾನು ಇಲ್ಲೇ ಎದೆ ಒಡ್ಕೊಂಡು ಸಾಯ್ತಿದ್ದೆ" ಎಂದಳು.

ಇಷ್ಟಕ್ಕೇ ಮುಗಿದಿದ್ದರೆ ನಾಜೂಕಕ್ಕ ಅದನ್ನು ಹೇಗೋ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಟೈಲರಮ್ಮ ಆಸ್ಪತ್ರೆಯ ಸರ್ಟಿಫಿಕೇಟಿಗೆಂದು ಬಂದವಳು ಕೌಂಟರಿನ ಹತ್ತಿರ ಕೂತು ಅತ್ತಳು. ಮತ್ತೆ ಬಂದಳು. ಆಮೇಲೆ ಕೆಲಸವಿಲ್ಲದಿದ್ದರೂ ಬಂದಳು. "ನಿಮ್ಮ ಹತ್ರ ಕೂತ್ರೆ ಸಮಾಧಾನ ಅಕ್ಕ" ಎಂದಳು. ನಾಜೂಕಕ್ಕನ ಮಗಳಿಗೆ ಶಾಲೆಯ ಸಮವಸ್ತ್ರ ಹೊಲಿದು ಕೊಟ್ಟಳು, ಕೂಲಿ ತೆಗೆದುಕೊಳ್ಳಲಿಲ್ಲ. ಬಿಸಿ ತುತ್ತು ಬಾಯಲ್ಲಿಟ್ಟ ಹಾಗೆ ಆಯಿತು ನಾಜೂಕಕ್ಕನಿಗೆ. ಉಗುಳುವಂತಿಲ್ಲ, ನುಂಗುವಂತಿಲ್ಲ.

ಮಗಳಿಗೆ ಟೈಲರಮ್ಮ ಹಿಡಿಸಿಬಿಟ್ಟಳು. ಆ ಹೆಂಗಸು ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳು. "ಈ ಹೊಲಿಗೆ ನಾಯಿ ಓಡಿದ ದಾರಿ ಥರ ಇದೆ, ಬಿಚ್ಚು" ಎನ್ನುತ್ತಿದ್ದಳು. ಹುಡುಗಿ ನಗುತ್ತ ಬಿಚ್ಚುತ್ತಿದ್ದಳು. ಶಾಲೆ ಬಿಟ್ಟ ಮೇಲೆ ದಿನವೂ ಟೈಲರಮ್ಮನ ಮನೆಗೇ ಹೋಗತೊಡಗಿದಳು. ಮಹಡಿಯ ಮೇಲೆ ಬೀದಿಯ ಕಡೆಗೆ ಕಿಟಕಿ ಇದ್ದ ಕೋಣೆ. ಕಿಟಕಿಗೆ ತಾಗಿ ಹೊಲಿಗೆಯ ಮೆಷಿನ್, ಗೋಡೆಗೆ ಮೊಳೆ ಹೊಡೆದು ತೂಗುಬಿಟ್ಟ ಬಣ್ಣ ಬಣ್ಣದ ದಾರದ ಉಂಡೆಗಳು, ನೆಲದ ತುಂಬ ಕತ್ತರಿಸಿದ ಬಟ್ಟೆಯ ಚೂರು. ಮೂಲೆಯಲ್ಲಿ ಅತ್ತೆ. ಕಿವಿ ಮಂದ. ಬಿದ್ದ ಗುಂಡಿಗಳನ್ನು ಆರಿಸಿ ಡಬ್ಬಿಗೆ ಹಾಕುತ್ತ ಕೂತಿರುತ್ತಿದ್ದಳು. ಸೊಸೆಯ ಜೊತೆ ಒಂದು ಮಾತೂ ಆಡುತ್ತಿರಲಿಲ್ಲ.

ಅದು ಯಾಕೆಂದು ಮಗಳೇ ಒಂದು ಸಂಜೆ ಮನೆಗೆ ಬಂದು ಹೇಳಿದಳು.

"ಅಮ್ಮ, ಇವತ್ತು ಆ ಅಜ್ಜಿ ಬಾಯಿ ಬಿಟ್ಟು ಹೇಳಿದ್ರು. 'ಮೆಷಿನ್ ಹೊರಿಸಿ ನನ್ನ ಮಗನ್ನ ಕೊಂದಳು' ಅಂತ. ಬಟ್ಟೆ ತಗೊಳ್ಳೋಕೆ ಬಂದೋರ ಮುಂದೇನೇ."

"ಯಾವ ಮೆಷಿನ್?"

"ಹೊಲಿಗೆ ಮೆಷಿನ್. ಆಪರೇಷನ್ನಿಗೆ ಹೋಗೋ ಹಿಂದಿನ ದಿನ ಆಂಟಿ ಅದನ್ನ ಕೆಳಗಿಂದ ಮಹಡಿಗೆ ಹೊರಿಸಿದ್ರಂತೆ. ಬೆಳಕು ಚೆನ್ನಾಗಿ ಬರತ್ತೆ ಅಂತ. ಹೃದಯ ಸೋತಿತ್ತು, ಅದಕ್ಕೇ ಆಯ್ತು ಅಂತ ಅಜ್ಜಿ. ಆಂಟಿ ಏನೂ ತಿರುಗಿ ಹೇಳ್ಲಿಲ್ಲ ಅಮ್ಮ. ಅಜ್ಜಿ ಹೇಳೋದು ನಿಜಾನೇ ಅಂತಾರೆ. ಮೆಟ್ಟಿಲು ಹತ್ತುವಾಗ ಅಂಕಲ್ ಎರಡು ಸಲ ನಿಂತು ಉಸಿರು ತಗೊಂಡ್ರಂತೆ, 'ಬೇಗ ಬನ್ನಿ' ಅಂತ ಆಂಟೀನೇ ಕೂಗಿದ್ರಂತೆ. ಮೆಷಿನ್ ಮುಟ್ಟಿದಾಗೆಲ್ಲ ಅದೇ ನೆನಪಾಗತ್ತಂತೆ."

ಮಗಳು ಅಮ್ಮನ ಮುಖ ನೋಡಿದಳು. ಈ ಸಲ ಒಂದು ಕ್ಷಣಕ್ಕಿಂತ ಜಾಸ್ತಿ ನೋಡಿದಳು.

"ನಿಂಗೇನೋ ಗೊತ್ತು."

"ಏನಿ..." ಎಂದು ಬಾಯಿ ತೆರೆದ ನಾಜೂಕಕ್ಕ ಅರ್ಧಕ್ಕೇ ನಿಲ್ಲಿಸಿದಳು. ಆಮೇಲೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಮಗಳಿಗೆ ಅವಳು ಹತ್ತಿ ಸುತ್ತದೆ ಹೇಳಿದ ಮೊದಲ ಮಾತು ಅದು.

ಹುಡುಗಿ ಗೋಡೆಗೆ ಒರಗಿದ್ದವಳು ಅಲ್ಲೇ ಜಾರಿ ಕುಳಿತಳು. "ಹೋಗಿ ಹೇಳು" ಎಂದಳು. "ನೀನು ಹೇಳದೇ ಹೋದ್ರೆ ನಾನು ಹೇಳ್ತೀನಿ. ನಂಗೆ ನಾಜೂಕು ಬರಲ್ಲ."

ಆ ವಾರದ ರಜೆಯ ದಿನ ನಾಜೂಕಕ್ಕ ಟೈಲರಮ್ಮನ ಮಹಡಿ ಹತ್ತಿದಳು. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಜೋಡಿಸಿಕೊಂಡಿದ್ದಳು. ಟೈಲರಮ್ಮ ಮೇಜಿನ ಮೇಲೆ ಬಟ್ಟೆ ಹರಡಿ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸುತ್ತಿದ್ದಳು. ನಾಜೂಕಕ್ಕ ಎಂದಿನಂತೆ ದೂರದಿಂದ ಶುರು ಮಾಡಿದಳು. ಮನುಷ್ಯ ಕೆಲವು ಸಲ ಹೊಟ್ಟೆಪಾಡಿಗೆ ಕಟ್ಟುಬೀಳುತ್ತಾನೆ, ಹೇಳಬೇಕಾದ್ದನ್ನು ಹೇಳಬೇಕಾದ ಹೊತ್ತಿಗೆ ಹೇಳಲಾಗುವುದಿಲ್ಲ, ಆಮೇಲೆ ಹೊತ್ತು ಮೀರುತ್ತದೆ ಎಂದೆಲ್ಲ ಹೇಳುತ್ತ ಹೋದಳು.

ಟೈಲರಮ್ಮ ಕತ್ತರಿ ನಿಲ್ಲಿಸದೆ ನಕ್ಕಳು. "ಮಗಳು ಯಾರನ್ನಾದ್ರೂ ಮೆಚ್ಕೊಂಡಿದಾಳಾ ಅಕ್ಕ? ಅದನ್ನ ಹೇಳೋಕೆ ಇಷ್ಟು ಸುತ್ತಬೇಕಾ? ಹುಡುಗ ಏನ್ಮಾಡ್ಕೊಂಡಿದಾನೆ, ಹೇಳಿ."

ಇಷ್ಟು ವರ್ಷ ಅವಳನ್ನು ಕಾಪಾಡಿಕೊಂಡು ಬಂದಿದ್ದ ಮಾತಿನ ವರಸೆ ಅವತ್ತು ಎಲ್ಲಿಗೂ ಕರೆದೊಯ್ಯಲಿಲ್ಲ.

"ಸಿಲಿಂಡರ್ ಖಾಲಿ ಇತ್ತು" ಎಂದುಬಿಟ್ಟಳು. "ಆಕ್ಸಿಜನ್ ಸಿಲಿಂಡರ್. ಯಾರೂ ನೋಡ್ಲಿಲ್ಲ. ಬೇರೆಯದು ತರೋಷ್ಟರಲ್ಲಿ ನಿಮ್ಮ ಯಜಮಾನ್ರು ಹೋಗಿಬಿಟ್ರು. ಹೃದಯಕ್ಕೆ ಏನೂ ಆಗಿರ್ಲಿಲ್ಲ. ನಂಗೆ ಅವತ್ತೇ ಗೊತ್ತಿತ್ತು."

ಕತ್ತರಿ ಗೆರೆಯ ಕೊನೆಯವರೆಗೂ ಹೋಯಿತು. ಕತ್ತರಿಸಿದ ತುಂಡನ್ನು ಟೈಲರಮ್ಮ ಮಡಿಸಿ ಪಕ್ಕಕ್ಕಿಟ್ಟಳು. ಅದನ್ನು ಮತ್ತೆ ಬಿಡಿಸಿ ಮತ್ತೆ ಮಡಿಸಿದಳು.

"ನನ್ನ ಕೈ ಹಿಡ್ಕೊಂಡು ಕೂತಿದ್ರಲ್ಲ. ಆಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

"ಸಮವಸ್ತ್ರ ತಗೊಳ್ಳೋವಾಗ?"

"ಗೊತ್ತಿತ್ತು."

"ಮೆಟ್ಟಿಲು ಹತ್ತಿಸಿದ್ದಕ್ಕೇ ಹೋದ್ರು ಅಂತ ಅಂದ್ಕೊಂಡು ನಾನು ಈ ಮೆಷಿನ್ ತುಳೀತಾ ಇದ್ದೆ, ಅಕ್ಕ." ಅವಳ ದನಿ ಏರಲಿಲ್ಲ. "ಎಷ್ಟು ನಾಜೂಕಾಗಿ ಮೋಸ ಮಾಡಿದ್ರಿ. ಚೂರೂ ನೋವಾಗ್ಲಿಲ್ಲ ನೋಡಿ ಅವತ್ತು."

ನಾಜೂಕಕ್ಕ ತಲೆ ತಗ್ಗಿಸಿದಳು. ಹೊಡೆದಿದ್ದರೆ ವಾಸಿ ಅನ್ನಿಸಿತು.

"ಒಳಗೆ ಅತ್ತೆ ಇದಾರೆ" ಎಂದಳು ಟೈಲರಮ್ಮ. "ಅವರಿಗೂ ಹೇಳಿ. ನಾನು ಹೇಳಿದ್ರೆ ತಪ್ಪಿಸ್ಕೊಳ್ಳೋಕೆ ಕಥೆ ಕಟ್ತಿದಾಳೆ ಅಂತಾರೆ."

ಮುದುಕಿ ಮಂಚದ ಅಂಚಿನಲ್ಲಿ ಕೂತು ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದಳು. ನಾಜೂಕಕ್ಕ ಬಗ್ಗಿ ಹೇಳಿದಳು. ಮುದುಕಿಗೆ ಕೇಳಿಸಲಿಲ್ಲ. ಇನ್ನೂ ಹತ್ತಿರ ಹೋಗಿ ಹೇಳಿದಳು. "ಹಾಂ? ಏನು ಖಾಲಿ?" ಎಂದಳು ಮುದುಕಿ. ಜನ್ಮದಲ್ಲಿ ದನಿ ಏರಿಸದ ಹೆಂಗಸು ಕೊನೆಗೆ ಗಂಟಲು ಹರಿದುಕೊಂಡು ಕೂಗಬೇಕಾಯಿತು.

"ಸಿಲಿಂಡರ್ ಖಾಲಿ ಇತ್ತು! ಆಸ್ಪತ್ರೆಯವರ ತಪ್ಪು! ನಿಮ್ಮ ಸೊಸೇದು ಏನೂ ತಪ್ಪಿಲ್ಲ! ನಾನು ಸುಳ್ಳು ಹೇಳಿದ್ದೆ!"

ಕೆಳಗೆ ಬೀದಿಯಲ್ಲಿ ಸೈಕಲ್ ರಿಪೇರಿಯವನು ಸುತ್ತಿಗೆ ನಿಲ್ಲಿಸಿ ಮೇಲೆ ನೋಡಿದ. ಎದುರು ಮನೆಯ ಕಿಟಕಿ ತೆರೆಯಿತು. ಮುದುಕಿ ಗುಂಡಿಯ ಡಬ್ಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಬಾಗಿಲಲ್ಲಿ ನಿಂತಿದ್ದ ಸೊಸೆಯ ಕಡೆ ನೋಡಿದಳು. ನಾಜೂಕಕ್ಕ ತಾನೇ ಮೆಟ್ಟಿಲಿಳಿದು ಬಂದಳು.

ಟೈಲರಮ್ಮ ದೂರು ಕೊಟ್ಟಳು. ವಿಚಾರಣೆಗೆ ಒಬ್ಬ ಅಧಿಕಾರಿ ಬಂದ. ವಯಸ್ಸು ಚಿಕ್ಕದು, ಮರ್ಯಾದಸ್ಥ, ಎಲ್ಲರಿಗೂ ಕುರ್ಚಿ ಕೊಟ್ಟು ಕೂರಿಸಿ ಕೇಳಿದ. ನಾಜೂಕಕ್ಕ ತಾನು ಕಂಡದ್ದನ್ನು ಹೇಳಿದಳು. ಆಮೇಲೆ ಮಾಮನನ್ನು ಕರೆದರು. ಅವನಿಗೆ ನಿವೃತ್ತಿ ಹತ್ತಿರವಿತ್ತು. "ನಾನು ಓಡ್ಲೇ ಇಲ್ಲ ಸ್ವಾಮಿ, ನನ್ನ ಮಂಡಿ ನೋಡಿ, ಓಡೋ ಮಂಡೀನಾ ಇದು?" ಎಂದ. ಅವಳ ಕಡೆ ನೋಡಲಿಲ್ಲ. ಸ್ಟೋರಿನ ಬೀಗ ಹಳೆಯದಾಗಿತ್ತು, ಬದಲಾಯಿಸಿದೆವು ಎಂದರು ಆಸ್ಪತ್ರೆಯವರು. ದೊಡ್ಡ ಡಾಕ್ಟರು ಹೃದಯ ಎಂದೇ ಹೇಳಿದರು.

ಮ್ಯಾನೇಜರ್ ಕೊನೆಗೆ ಮಾತಾಡಿದ. "ಇವರನ್ನ ಕೌಂಟರಿಂದ ಬದಲಾಯಿಸೋ ಯೋಚನೆ ಇತ್ತು ಸರ್. ಆ ಸಿಟ್ಟಿಗೆ ಇದೆಲ್ಲ. ಮಾತಲ್ಲಿ ಮರುಳು ಮಾಡೋದು ಇವರಿಗೆ ನೀರು ಕುಡಿದಷ್ಟು ಸುಲಭ. ಆಸ್ಪತ್ರೇಲಿ ಯಾರನ್ನ ಬೇಕಾದ್ರೂ ಕೇಳಿ, ಇವರ ಹೆಸರೇ ನಾಜೂಕಕ್ಕ."

ಅಧಿಕಾರಿಯ ತುಟಿಯಲ್ಲಿ ಸಣ್ಣ ನಗು ಮೂಡಿತು. "ಹೌದಾ ಅಮ್ಮ? ಹಾಗೆ ಯಾಕೆ ಕರೀತಾರೆ ನಿಮ್ಮನ್ನ?"

"ಗಾಯದ ಬಟ್ಟೆ ಬಿಚ್ತಿದ್ದೆ ಸರ್" ಎಂದಳು. "ನೋವಾಗದ ಹಾಗೆ ಬಿಚ್ತಿದ್ದೆ. ಅದಕ್ಕೆ."

ಅವನು ತಲೆಯಾಡಿಸಿದ. ಆ ಹುಡುಗನ ಪ್ರಾಯದವರಿಗೆಲ್ಲ ನಾಜೂಕು ಎಂದರೆ ಸದ್ದಿಲ್ಲದೆ ಜೇಬು ಕತ್ತರಿಸುವವನ ಗುಣ. ಗಾಯಕ್ಕೂ ಅದಕ್ಕೂ ಏನು ಸಂಬಂಧ ಎಂದು ಅವನಿಗೆ ತಿಳಿಯಲಿಲ್ಲ. ಅವಳೂ ಬಿಡಿಸಿ ಹೇಳಲು ಹೋಗಲಿಲ್ಲ. ಬಿಡಿಸಿ ಹೇಳಿದಷ್ಟೂ ಅದು ಮಾತಿನ ಜಾಣತನವಾಗಿಯೇ ಕಾಣುತ್ತದೆ ಎಂದು ಅವಳಿಗೆ ಅಲ್ಲಿ ಕೂತಾಗ ಗೊತ್ತಾಯಿತು. ಸುಳ್ಳನ್ನು ಅಷ್ಟು ಚೆಂದವಾಗಿ ಹೇಳಿದ್ದ ಬಾಯಿಗೆ ನಿಜ ಹೇಳಲು ಜಾಗವೇ ಉಳಿದಿರಲಿಲ್ಲ.

ಸಾಕ್ಷ್ಯ ಸಾಲದು ಎಂದಾಯಿತು. ನಾಜೂಕಕ್ಕನನ್ನು ಕೆಲಸದಿಂದ ತೆಗೆದರು. ಆದರೆ ಆಮೇಲೆ ಆ ಆಸ್ಪತ್ರೆಗೆ ಹೋದವರು ಹೇಳಿದ ಪ್ರಕಾರ, ಥಿಯೇಟರಿನ ಬಾಗಿಲ ಪಕ್ಕದಲ್ಲಿ ಈಗ ಸದಾ ಎರಡು ತುಂಬಿದ ಸಿಲಿಂಡರ್ ನಿಂತಿರುತ್ತವಂತೆ, ಅವುಗಳ ಒತ್ತಡದ ಮುಳ್ಳು ನೋಡುವುದಕ್ಕೇ ಒಬ್ಬನನ್ನು ಇಟ್ಟಿದ್ದಾರಂತೆ. ತಪ್ಪು ಮಾಡಲಿಲ್ಲ ಎಂದವರು ತಪ್ಪನ್ನು ಮಾತ್ರ ತಿದ್ದಿಕೊಂಡಿದ್ದರು.

ಮಗಳು ಸುದ್ದಿ ತಂದಳು. "ಆಂಟಿ ಹೇಳಿದ್ರು, ನೀನು ಬಾ, ನಿಮ್ಮಮ್ಮ ಬರೋದು ಬೇಡ ಅಂತ."

"ಸರಿ" ಎಂದಳು ನಾಜೂಕಕ್ಕ.

"ಬೇಜಾರಾಯ್ತಾ?"

"ಆಯ್ತು."

ಹುಡುಗಿ ಈ ಸಲ ಮುಖ ನೋಡಿ ಪರೀಕ್ಷಿಸಲಿಲ್ಲ. ತಟ್ಟೆ ಹಾಕಿ ಇಬ್ಬರಿಗೂ ಬಡಿಸಿದಳು. ಮಹಡಿಯ ಮನೆಯಲ್ಲಿ ಅತ್ತೆ ಸೊಸೆ ಈಗ ಮಾತಾಡುತ್ತಾರೆಂದೂ, ಮಾತೆಂದರೆ ಬರೀ ಜಗಳವೆಂದೂ, ಆದರೂ ಒಟ್ಟಿಗೇ ಕೂತು ಉಣ್ಣುತ್ತಾರೆಂದೂ ಹೇಳಿದಳು.

ನಾಜೂಕಕ್ಕನಿಗೆ ಒಂದು ಲಾಂಡ್ರಿಯಲ್ಲಿ ಕೆಲಸ ಸಿಕ್ಕಿತು. ಹೋಟೆಲುಗಳಿಂದ ಬರುವ ಹಾಸಿಗೆಯ ಬಟ್ಟೆಗೆ ಇಸ್ತ್ರಿ ಹಾಕುವುದು. ಮಾತಿನ ಹಂಗಿಲ್ಲದ ಕೆಲಸ. ಆವಿಯ ಸದ್ದಿನಲ್ಲಿ ಕೂಗಿದರಷ್ಟೇ ಕೇಳುತ್ತಿತ್ತು. ಹೆಸರು ಅಲ್ಲಿಗೂ ಅವಳ ಬೆನ್ನು ಹತ್ತಿ ಬಂದಿತ್ತು. "ಹುಷಾರು, ನಾಜೂಕಕ್ಕ ಬಂದ್ರು, ಜೇಬು ನೋಡ್ಕೊಳ್ಳಿ" ಎಂದು ಒಬ್ಬಳು ತಮಾಷೆ ಮಾಡಿದಳು. ನಾಜೂಕಕ್ಕ ಬಟ್ಟೆಯ ಅಂಚು ಹಿಡಿದು ಎಳೆದು, ಸುಕ್ಕು ಬಿಡಿಸಿ, ಇಸ್ತ್ರಿ ಒತ್ತಿದಳು.

ಒಂದು ದಿನ ಅಲ್ಲಿಗೆ ಆ ಮುದುಕಿ ಬಂದಳು. ಒಬ್ಬಳೇ. ಬೆವರು ಸುರಿಯುತ್ತಿತ್ತು. ಬಟ್ಟೆಯ ಗಂಟೊಂದರ ಮೇಲೆ ಕುಸಿದು ಕೂತು ನಾಜೂಕಕ್ಕನನ್ನು ಕೈಸನ್ನೆ ಮಾಡಿ ಕರೆದಳು. ಕಿವಿ ಮಂದ ಇದ್ದವರು ಮಾತಾಡುವ ಹಾಗೆ ಗಟ್ಟಿಯಾಗಿ ಕೇಳಿದಳು.

"ನೀನು ಅಲ್ಲೇ ಇದ್ದೆಯಲ್ಲ ತಾಯಿ. ನಿಜ ಹೇಳು. ನನ್ನ ಮಗನಿಗೆ ಕೊನೇಲಿ ನೋವಾಯ್ತಾ? ಉಸಿರು ಕಟ್ಟಿದ್ದು ಅವನಿಗೆ ಗೊತ್ತಾಯ್ತಾ?"

ಲಾಂಡ್ರಿಯ ಹೆಂಗಸರು ಕೈ ನಿಲ್ಲಿಸಿದರು.

ಈ ಪ್ರಶ್ನೆಗೆ ಉತ್ತರ ನಾಜೂಕಕ್ಕನ ನಾಲಿಗೆಯ ತುದಿಯಲ್ಲೇ ಇತ್ತು. ಎಷ್ಟೋ ತಾಯಂದಿರಿಗೆ ಹೇಳಿದ್ದಳು. ನಿದ್ದೆಯಲ್ಲಿದ್ದ ಹಾಗೆ ಹೋದರು, ಮುಖ ಶಾಂತವಾಗಿತ್ತು ಎಂದು. ಹೇಳಿದ್ದರೆ ಮುದುಕಿ ಎದ್ದು ನೆಮ್ಮದಿಯಿಂದ ಹೋಗುತ್ತಿದ್ದಳು. ನಿಜವೂ ಇರಬಹುದಾಗಿತ್ತು.

"ಗೊತ್ತಿಲ್ಲಮ್ಮ" ಎಂದಳು.

"ಹಾಂ?"

"ಗೊತ್ತಿಲ್ಲ! ನಾನು ಒಳಗಿರ್ಲಿಲ್ಲ! ಹೊರಗೆ ಕಾರಿಡಾರಲ್ಲಿ ನಿಂತಿದ್ದೆ!"

ಮುದುಕಿಗೆ ಕೇಳಿಸಿತು. ಬಾಯಿ ಸ್ವಲ್ಪ ತೆರೆದುಕೊಂಡೇ ಕೂತಿದ್ದಳು. ಆಮೇಲೆ ಕಣ್ಣು ತುಂಬಿಕೊಂಡು, ಮಗುವಿನ ಹಾಗೆ ರೇಗಿದಳು.

"ಆಗಿಲ್ಲ ಅಂತ ಹೇಳಬಾರದಿತ್ತೇನೇ? ಅಷ್ಟು ಚೆನ್ನಾಗಿ ಹೇಳೋಕೆ ಬರತ್ತೆ ನಿಂಗೆ."

ನಾಜೂಕಕ್ಕ ಒಳಗಿನಿಂದ ಕುಡಿಯುವ ನೀರು ತಂದುಕೊಟ್ಟಳು. ಮುದುಕಿ ಅರ್ಧ ಕುಡಿದು, ಉಳಿದದ್ದರಲ್ಲಿ ಕೈ ಒದ್ದೆ ಮಾಡಿಕೊಂಡು ಮುಖ ಒರೆಸಿಕೊಂಡಳು. ಮೇಲೆ ಏಳಲು ಆಗದೆ ಕೈ ಚಾಚಿದಳು. ಲಾಂಡ್ರಿಯ ಯಜಮಾನನಿಗೆ ಹೇಳಿ ನಾಜೂಕಕ್ಕ ಅವಳ ಮೊಣಕೈ ಹಿಡಿದು ಹೊರಗೆ ಕರೆತಂದಳು. ರಸ್ತೆಯ ಎರಡೂ ಕಡೆಯಿಂದ ಬಸ್ಸುಗಳು ಬರುತ್ತಿದ್ದವು. ಅವು ಹಾದುಹೋಗುವವರೆಗೂ ಇಬ್ಬರೂ ಅಂಚಿನಲ್ಲಿ ನಿಂತರು. ಮುದುಕಿ ಕೈ ಕೊಸರಿಕೊಳ್ಳಲಿಲ್ಲ.